ಮೊದಲು ಪಾರ್ಕಿಂಗ್‌ನಲ್ಲಿ ಪ್ಲಗ್ ಬರಲಿ
ಪೆಟ್ರೋಲ್ ಕಾರಿನ ಕಾಲ ಮುಗೀತು, ಇನ್ನೇನಿದ್ದರೂ ಎಲೆಕ್ಟ್ರಿಕ್ ಕಾರು ಅನ್ನೋಕೆ ನಿಮ್ಮ ಲೇಖನದಲ್ಲಿ ನಾರ್ವೆಯನ್ನು ತೋರಿಸಿದ್ದೀರಿ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ 10ಕ್ಕೆ ಸುಮಾರು 9 ಎಲೆಕ್ಟ್ರಿಕ್, ನಿಜ. ಆದರೆ ಅಲ್ಲಿನ ಸರ್ಕಾರ ವರ್ಷಗಟ್ಟಲೆ ಪೆಟ್ರೋಲ್ ಕಾರಿಗೆ ಭಾರಿ ತೆರಿಗೆ ಹಾಕಿ, ಎಲೆಕ್ಟ್ರಿಕ್ ಕಾರಿಗೆ ವಿನಾಯಿತಿ ಕೊಟ್ಟಿತ್ತು ಅಲ್ವಾ?

ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರಿಗೆ ಚಿಂತೆಯಿಲ್ಲ, ರಾತ್ರಿ 15 ಆಂಪಿಯರ್ ಪ್ಲಗ್‌ಗೆ ಹಾಕಿಟ್ಟರೆ 30 ಯೂನಿಟ್ ಬ್ಯಾಟರಿ ಬೆಳಗ್ಗೆ ಹೊತ್ತಿಗೆ ತುಂಬಿರುತ್ತದೆ, ಖರ್ಚೂ ಪೆಟ್ರೋಲಿಗಿಂತ ಎಷ್ಟೋ ಕಡಿಮೆ. ಬಾಡಿಗೆ ಮನೆಯಲ್ಲಿದ್ದು ರಸ್ತೆ ಬದಿ ಕಾರು ನಿಲ್ಲಿಸುವವರು ಏನು ಮಾಡಬೇಕು? ಮೂರನೇ ಮಹಡಿಯಿಂದ ವೈರ್ ಇಳಿಬಿಡೋಕಾಗುತ್ತಾ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಂತೂ ಸಂಘದವರು ಬೆಂಕಿ ಭಯ ಹೇಳಿ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಿಸೋಕೂ ಬಿಡುತ್ತಿಲ್ಲ. 2017ರಲ್ಲಿ ದೇಶದಲ್ಲೇ ಮೊದಲು ಇವಿ (ಎಲೆಕ್ಟ್ರಿಕ್ ವಾಹನ) ನೀತಿ ತಂದ ರಾಜ್ಯ ನಮ್ಮದು. ಹಳೇ ಕಟ್ಟಡಗಳಲ್ಲೂ ಪಾಯಿಂಟ್ ಕೇಳಿದವರಿಗೆ ಕೊಡಲೇಬೇಕು ಅಂತ ಕಡ್ಡಾಯ ಮಾಡಲಿ.