ಸ್ಟುಡಿಯೋದಲ್ಲಿ ಭಾರಿ ಮಳೆ

ಮತ್ತೆ ಶುರುವಾಯಿತು. ಹೊಸ ಹವಾಮಾನ ಉಪಗ್ರಹದ ಚಿತ್ರ ಕೈಗೆ ಸಿಕ್ಕಿದ್ದೇ ತಡ, ಚಾನೆಲ್‌ನವರು ಸ್ಟುಡಿಯೋ ಒಳಗೇ ಮಳೆ ಸುರಿಸಿದರು. ಗ್ರಾಫಿಕ್ಸ್ ಮಳೆ. ಆಂಕರ್ ಕೈಯಲ್ಲಿ ಕೊಡೆ ಬೇರೆ. ಗಾಳಿಗೆ ತೂರಾಡುವ ಅಭಿನಯವೂ ಚೆನ್ನಾಗಿತ್ತು, ಸುಮ್ನೆ ಹೇಳಬಾರದು.

ಪಾಪ ಅನ್ನಿಸುವುದು ಉಪಗ್ರಹ ಕಟ್ಟಿದವರನ್ನು ನೆನೆದಾಗ. ಅಮೆರಿಕದವರು 2016ರಲ್ಲಿ ಹಾರಿಸಿದ ಗೋಸ್-16 ಉಪಗ್ರಹ 2025ರವರೆಗೆ ಸುಮಾರು 36,000 ಕಿಲೋಮೀಟರ್ ಮೇಲಿಂದ ಮೋಡಗಳನ್ನು 16 ಬಗೆಯ ಬೆಳಕಿನಲ್ಲಿ ನೋಡುತ್ತಿತ್ತು. ಹಳೆಯದಕ್ಕೆ ಇದ್ದದ್ದು ಐದೇ. ಒಂದು ಬಿರುಗಾಳಿಯ ಮೇಲೇ ಕಣ್ಣು ನೆಟ್ಟರೆ 30 ಸೆಕೆಂಡಿಗೊಂದು ಚಿತ್ರ ಕಳಿಸುತ್ತಿತ್ತು. ನಮ್ಮ ಚಾನೆಲ್ ಇಂಥ ಚಿತ್ರಗಳಲ್ಲಿ ಒಂದನ್ನು ಆರಿಸಿಕೊಂಡು ಬೆಳಗಿನಿಂದ ರಾತ್ರಿವರೆಗೆ ತೋರಿಸುತ್ತದೆ. ಸುತ್ತ ಕೆಂಪು ವೃತ್ತ, ಮೇಲೊಂದು ಬಾಣ, ಹಿಂದೆ ದೆವ್ವದ ಸಿನಿಮಾದ ಸಂಗೀತ.

ಅಂದ ಹಾಗೆ, ಕೆಲಸಕ್ಕೆ ಬಂದ ಮೊದಲ ಹವಾಮಾನ ಉಪಗ್ರಹ ಟೈರೋಸ್-1 ಹಾರಿದ್ದು 1960ರ ಏಪ್ರಿಲ್ 1ರಂದು. ಹೌದು, ಮೂರ್ಖರ ದಿನವೇ. ಕಪ್ಪುಬಿಳುಪಿನ ಮಸುಕು ಚಿತ್ರ, 78 ದಿನದ ಆಯಸ್ಸು. ಅಷ್ಟರಲ್ಲೇ ಮೋಡಗಳು ಎಷ್ಟು ಅಚ್ಚುಕಟ್ಟಾಗಿ ಸಾಲುಗಟ್ಟುತ್ತವೆ ಅಂತ ತೋರಿಸಿಕೊಟ್ಟಿತು. ಆಗ ಕೊಡೆ ಹಿಡಿದ ಆಂಕರ್ ಇರಲಿಲ್ಲ. ಬಹುಶಃ ಅದಕ್ಕೇ ಎಲ್ಲರೂ ಚಿತ್ರವನ್ನೇ ನೋಡಿದರು.

ಇನ್ನೊಂದು ಮಾತು ಕೇಳಿ ಕೇಳಿ ಸಾಕಾಗಿದೆ: 'ನಾಳೆ ಮಳೆ ಅಂತ ಉಪಗ್ರಹ ಹೇಳಿದೆ.' ಅದು ಹಾಗೆಲ್ಲ ಹೇಳುವುದಿಲ್ಲ ಸ್ವಾಮಿ. ಅದು ಹೇಳುವುದು ಈಗ ಏನಾಗುತ್ತಿದೆ ಅಂತ. ಆ ಮಾಹಿತಿಯನ್ನೂ ಸೇರಿಸಿಕೊಂಡು ನಾಳೆಯ ಲೆಕ್ಕ ಹಾಕುವುದು ಕಂಪ್ಯೂಟರ್ ಮಾದರಿಗಳು. ಆದರೆ ಮುಂದಿನ ಒಂದೆರಡು ಗಂಟೆಯ ಮಟ್ಟಿಗೆ ಉಪಗ್ರಹದ ಚಿತ್ರಕ್ಕೆ ಬೆಲೆ ಕಟ್ಟಲಾಗದು. ಮೋಡದ ನೆತ್ತಿ ಸರಸರನೆ ತಣ್ಣಗಾಗುತ್ತಿದೆ ಅಂದರೆ ಅದು ಮೇಲಕ್ಕೆ ಬೆಳೆಯುತ್ತಿದೆ ಅಂತ ಅರ್ಥ. ಎಷ್ಟೋ ಸಲ ರಾಡಾರ್‌ನಲ್ಲಿ ಮಳೆ ಕಾಣುವ ಮೊದಲೇ ಇದು ಗೊತ್ತಾಗುತ್ತದೆ. ಇದನ್ನು ಓದಬಲ್ಲ ಹವಾಮಾನ ತಜ್ಞರು ಟಿವಿಯಲ್ಲೂ ಇದ್ದಾರೆ. ಅವರು ಬಾಯಿ ತೆರೆಯುವಷ್ಟರಲ್ಲಿ ಆಂಕರ್ 'ಸಮಯದ ಅಭಾವವಿದೆ ಸರ್' ಅನ್ನುತ್ತಾರೆ. ಆಮೇಲೆ ಅರ್ಧ ಗಂಟೆ ನಾಲ್ವರ ಚರ್ಚೆ. ಆ ನಾಲ್ವರಲ್ಲಿ ಮೋಡದ ಗಂಧಗಾಳಿ ಇರುವವರು ಒಬ್ಬರೂ ಇಲ್ಲ.

ನಗಬೇಕು ಅಂತಲೇ ಬರೆಯಲು ಕೂತೆ, ಆದರೆ ಸಿಡಿಲಿನ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ. ಗೋಸ್-16ರಂಥ ಉಪಗ್ರಹದಲ್ಲಿ ಮಿಂಚನ್ನೇ ಕಾಯುವ ಕ್ಯಾಮೆರಾ ಇದೆ. ಸೆಕೆಂಡಿಗೆ 500 ಚಿತ್ರ. ಮಿಂಚು ಏಕಾಏಕಿ ಜಾಸ್ತಿಯಾದರೆ ಬಿರುಗಾಳಿ ಬಲಿಯುತ್ತಿದೆ ಅಂತ ಕೆಲವು ನಿಮಿಷ ಮೊದಲೇ ಸುಳಿವು ಸಿಗುತ್ತದೆ. ಬಯಲಲ್ಲಿ ಕೆಲಸ ಮಾಡುತ್ತಿರುವವನು ಓಡಿ ಮನೆ ಸೇರಲು ಆ ಕೆಲವು ನಿಮಿಷ ಸಾಕು. ಅದೇ ಹೊತ್ತಿಗೆ ಚಾನೆಲ್‌ನವರೇ, ನೀವು ತೋರಿಸುತ್ತಿದ್ದದ್ದು ಏನು? ಯಾವುದೋ ವರ್ಷದ, ಯಾವುದೋ ದೇಶದ ಪ್ರವಾಹದ ವಿಡಿಯೋ. ನಡುವೆ ಜಾಹೀರಾತು. ಮರುದಿನ ಸತ್ತವನ ಮನೆ ಮುಂದೆ ಮೈಕ್ ಹಿಡಿದು 'ಏನನ್ನಿಸ್ತಿದೆ ಅಮ್ಮಾ?' ಅಂತ ಕೇಳಲು ಮಾತ್ರ ಎಲ್ಲರಿಗಿಂತ ಮೊದಲು ತಲುಪಿರುತ್ತೀರಿ.