ಓದ್ಲೇಬೇಕಾದ ಐದು, ಅದ್ರಲ್ಲಿ ನಾನು ಓದಿದ್ದೆಷ್ಟು

ಅಕ್ಕನ ಮಗಳು ಕೇಳಿದ್ದಿಷ್ಟೇ, "ಮಾಮ, ಎಲ್ರೂ ಓದ್ಲೇಬೇಕು ಅನ್ನೋ ಅಂಥ ಐದು ಸೈನ್ಸ್ ಫಿಕ್ಷನ್ ಪುಸ್ತಕ ಹೇಳಿ". ಐದೇ ತಾನೆ ಅಂತ ಊಟ ಆದ್ಮೇಲೆ ಪೆನ್ನು ಹಿಡ್ಕೊಂಡು ಕೂತೆ, ರಾತ್ರಿ ಒಂದೂವರೆಗೆ ನೋಡಿದ್ರೆ ಪಟ್ಟಿ 37ಕ್ಕೆ ಹೋಗಿತ್ತು, ಲೇಖಕರಲ್ಲಿ ಅಸಿಮೋವ್ ಹಾಕಿದ್ರೆ ಕ್ಲಾರ್ಕ್ ಮುನಿಸ್ಕೊಳ್ತಾನೆ ಅನ್ನೋ ಥರ, ಇಬ್ರಲ್ಲಿ ಯಾರೂ ಈಗ ಇಲ್ಲ ಅನ್ನೋದೂ ನೆನಪಿಲ್ದಂಗೆ. ಆಮೇಲೆ ಗೊತ್ತಾಯ್ತು, 37ರಲ್ಲಿ ನಾನು ಕೊನೇವರೆಗೂ ಓದಿರೋದು 11. ಮಿಕ್ಕಿದ್ದೆಲ್ಲ ಸಿನಿಮಾ ನೋಡಿದ್ದು, ಇಲ್ಲಾ ಹಿಂದಿನ ರಟ್ಟು ಓದಿದ್ದು.

ಬೆಳಿಗ್ಗೆ ಪಟ್ಟಿ ಹಿಡ್ಕೊಂಡು ಬಂದ್ಳು ನೋಡಿ. "ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ ಅಂದ್ರೇನು ಮಾಮ?" ನಾನು ಗಂಭೀರವಾಗಿ, "ಸಬ್‌ಮರೀನ್ ಅಷ್ಟು ಆಳಕ್ಕೆ ಹೋಗತ್ತೆ" ಅಂದೆ. ಅವ್ಳು ಫೋನ್ ತೆಗ್ದು ಲೆಕ್ಕ ಹಾಕಿದ್ಳು. ಲೀಗ್ ಒಂದಕ್ಕೆ ಸುಮಾರು 4 ಕಿಲೋಮೀಟರ್, ಒಟ್ಟು 80,000, ಭೂಮಿಯ ವ್ಯಾಸ 13,000ವೂ ಇಲ್ಲ. "ಹಂಗಾದ್ರೆ ಭೂಮಿ ತೂತಾಗಿ ಆ ಕಡೆ ಹೊರಗ್ ಬಂದು ಇನ್ನೂ 67,000 ಕಿಲೋಮೀಟರ್ ಹೋಗಿರ್ಬೇಕಲ್ಲ ಮಾಮ?" ಅದು ನೀರೊಳಗೆ ಸುತ್ತಿದ ದೂರ ಅಂತೆ, ಆಳ ಅಲ್ವಂತೆ. ಮುಂದಿನ ಪುಸ್ತಕ ಫ್ರಾಂಕೆನ್‌ಸ್ಟೈನ್, ಆ ಹೆಸ್ರಿನ ರಾಕ್ಷಸ ಅಂತ ಶುರು ಮಾಡಿದೆ, ಅದು ರಾಕ್ಷಸನ್ನ ಮಾಡಿದವನ ಹೆಸ್ರು, ರಾಕ್ಷಸನಿಗೆ ಹೆಸ್ರೇ ಇಲ್ಲ ಅಂದ್ಳು. (ಲೆ ಗ್ವಿನ್ ಅನ್ನೋ ಲೇಖಕಿ ಪುಸ್ತಕ ನಿಜವಾಗ್ಲೂ ಓದಿದ್ದೆ, ಅದನ್ನ ಮಾತ್ರ ಕೇಳ್ಲೇ ಇಲ್ಲ!)

ಮಾನ ಉಳಿಸ್ಕೊಳ್ಳೋಕೆ ಮರಳುಗಾಡಿನ ಗ್ರಹದ ಕಥೆ ಡ್ಯೂನ್ ಕಡೆ ತಿರುಗಿದೆ. 20ಕ್ಕೂ ಹೆಚ್ಚು ಪಬ್ಲಿಷರ್‌ಗಳು ಬೇಡ ಅಂದ ಪುಸ್ತಕ, ಕೊನೆಗೆ 1965ರಲ್ಲಿ ಅಚ್ಚು ಹಾಕಿದ್ದು ಕಾರ್ ರಿಪೇರಿ ಮ್ಯಾನ್ಯುಯಲ್‌ಗೆ ಹೆಸ್ರಾಗಿದ್ದ ಕಂಪನಿ, ಅಂತೆಲ್ಲ ಜೋರಾಗಿ ಹೇಳ್ದೆ. ಕಥೆ ಕೇಳ್ಬಿಟ್ರೆ ಕಷ್ಟ ಇತ್ತು, ಯಾಕಂದ್ರೆ ಮೂರು ಸಲ ಶುರು ಮಾಡಿ ಮೂರು ಸಲಾನೂ ಅರವತ್ತನೇ ಪುಟದ ಮರಳಲ್ಲೇ ಹೂತ್ಕೊಂಡಿದೀನಿ. ರಿಪೇರಿಯವ್ರ ಪುಸ್ತಕ ಅಂದ್ಮೇಲೆ ನಾನೂ ರಿಪೇರಿಗೇ ಬಳಸ್ಕೊಂಡಿದ್ದೆ, ನಾಲ್ಕು ವರ್ಷದಿಂದ ಕಂಪ್ಯೂಟರ್ ಮಾನಿಟರ್ ಕೆಳಗಿತ್ತು, ಎತ್ತರ ಕರೆಕ್ಟಾಗಿ ಸರಿಹೋಗಿತ್ತು.

ಅವ್ಳು ಪಟ್ಟಿ ಮಡಚಿ ನನ್ ಕೈಗೇ ಕೊಟ್ಟು, ಮಾನಿಟರ್ ಎತ್ತಿ ಡ್ಯೂನ್ ಎಳ್ಕೊಂಡು ಹೋದ್ಳು. ಈಗ ಕತ್ತು ನೋಯ್ತಿದೆ. ಅದ್ರ ಜಾಗಕ್ಕೆ ಟೈಮ್ ಮಷೀನ್ ಇಟ್ಟು ನೋಡ್ದೆ, ಪೂರ್ತಿ ಓದಿರೋ ಪುಸ್ತಕ, ಆದ್ರೆ ತುಂಬಾ ತೆಳು.