ಸತ್ಯಾಂಶ: ಬೆಂಗಳೂರಿನ ಮಳೆ ಬತ್ತುತ್ತಿದೆಯೇ?

‘ಬೆಂಗಳೂರಲ್ಲಿ ವರ್ಷದಿಂದ ವರ್ಷಕ್ಕೆ ಮಳೆ ಕಮ್ಮಿ, ಇನ್ನು ಹತ್ತು ವರ್ಷಕ್ಕೆ ಮಳೆಯೇ ಇರಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ನಗರದ ವಾಡಿಕೆ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. 2017ರಲ್ಲಿ ಸುಮಾರು 1,700 ಬಂತು, 2022ರಲ್ಲಿ 1,900 ದಾಟಿ ದಾಖಲೆಯಾಯಿತು. ಮರುವರ್ಷವೇ ಮಳೆ ಕೈಕೊಟ್ಟಿತು, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದವು. ಒಂದು ಬರಗಾಲವನ್ನು ಹಿಡಿದು ಹೆದರಿಸುವುದು ತಪ್ಪು. ಮಳೆ ಏರಿಳಿಯುತ್ತದೆ.

ಸೆಕೆ ಹೆಚ್ಚುತ್ತಿದೆ ಎಂಬ ಮಾತು ಬೇರೆ, ಅದು ನಿಜ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. ಹಾಗೆಂದು ಹಿಂದೆ ಬಿಸಿಲೇ ಇರಲಿಲ್ಲವೆಂದಲ್ಲ: 1931ರ ಮೇ ತಿಂಗಳಲ್ಲೇ 38.9 ಮುಟ್ಟಿತ್ತು. ನನಗೆ ಹೆಚ್ಚು ಕಳವಳ ರಾತ್ರಿಯದು. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೆ ತಾರಸಿ ಮೇಲೆ ಬರಿಗಾಲಿಟ್ಟು ನೋಡಿ, ಹಗಲಿನ ಬಿಸಿ ಇನ್ನೂ ಅಲ್ಲೇ ಇರುತ್ತದೆ. ಮಣ್ಣು, ಮರ, ಕೆರೆ ಇದ್ದ ಜಾಗದಲ್ಲಿ ಕಾಂಕ್ರೀಟ್ ಬಂದರೆ ಆಗುವುದು ಹೀಗೇ.